ಮೈನ್‌ಕ್ರಾಫ್ಟ್ ಆಳಿಗೆ ಕ್ರಿಸ್‌ಮಸ್ ಉಡುಪು: ಕಾರವಾರದ ನಕ್ಷತ್ರ, ಶಿರಸಿಯ ಕಂಬಳಿ

ಡಿಸೆಂಬರ್ ಬಂತೆಂದರೆ ನಮ್ಮ ಕಾರವಾರದ ಓಣಿಯಲ್ಲಿ ಕಾಗದದ ನಕ್ಷತ್ರಗಳು ಏರುತ್ತವೆ. ಒಳಗೊಂದು ಬಲ್ಬ್, ಹೊರಗೆ ಕೆಂಪೋ ಹಳದಿಯೋ ಹಾಳೆ. ಅದೇ ಹೊತ್ತಿಗೆ ಘಟ್ಟದ ಮೇಲೆ, ಶಿರಸಿ ಕಡೆಯ ಅಕ್ಕನ ಮನೆಯಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ. ಬೆಳಿಗ್ಗೆ ಎದ್ದವರೆಲ್ಲ ಕಂಬಳಿ ಹೊದ್ದು ಮೊದಲು ಹೋಗಿ ಕೂರುವುದು ಬಚ್ಚಲ ಒಲೆ ಎದುರಿಗೆ. ಮೂರು ವರ್ಷದ ಹಿಂದೆ ಅಕ್ಕನ ಮಗ ರಜೆಗೆ ನಮ್ಮಲ್ಲಿಗೆ ಬಂದವನು ಕೇಳಿದ್ದು ಒಂದೇ. "ಮಾವ, ನನ್ನ ಮೈನ್‌ಕ್ರಾಫ್ಟ್ ಆಳಿಗೆ ಕ್ರಿಸ್‌ಮಸ್ ಅಂಗಿ ಮಾಡಿಕೊಡು." ಮೈನ್‌ಕ್ರಾಫ್ಟ್ ಅಂದರೆ ಡಬ್ಬದಂಥ ಬ್ಲಾಕ್‌ಗಳ ಲೋಕದ ವಿಡಿಯೊ ಗೇಮ್, ಆಳು ಅಂದರೆ ಅದರೊಳಗೆ ಅವನು ನಡೆಸುವ ಪಾತ್ರ.

ಮಾಡಿಕೊಟ್ಟೆ. ತಲೆಯಿಂದ ಕಾಲಿನವರೆಗೆ ಕೆಂಪು, ಅಲ್ಲಲ್ಲಿ ಬಿಳಿ. ಅವನು ಆಟದೊಳಗೆ ಆಳನ್ನು ಸ್ವಲ್ಪ ದೂರ ನಿಲ್ಲಿಸಿ ನೋಡಿದ. "ದೂರಿಂದ ನೋಡಿದ್ರೆ ಟೊಮೆಟೊ ಕಂಡಂಗೆ ಕಾಣ್ತು ಮಾವ" ಅಂದ. ಅವನು ಹೇಳಿದ್ದು ಸರಿ ಇತ್ತು. ಪರದೆಯ ಮೇಲೆ ದೊಡ್ಡದು ಮಾಡಿ ಬಿಡಿಸುವಾಗ ಚಂದ ಕಂಡದ್ದು, ಆಟದಲ್ಲಿ ಹೆಬ್ಬೆರಳಿನಷ್ಟು ಆದಾಗ ಏನೂ ಉಳಿದಿರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಈ ಮಾತು ಬೇಗ ತಿಳಿಯಬೇಕು. ಯಕ್ಷಗಾನ ನೋಡಲು ಗದ್ದೆಯ ಹಿಂದಿನ ಸಾಲಲ್ಲಿ ಕೂತವನಿಗೆ ವೇಷಧಾರಿಯ ಕಣ್ಣು ಮೂಗು ಕಾಣುವುದಿಲ್ಲ. ಆದರೂ ಕೇದಗೆ ಮುಂದಲೆ ಕಂಡ ಕೂಡಲೇ ಇವನು ಅಭಿಮನ್ಯುವಿನಂಥ ಹುಡುಗ ಅಂತ ಗೊತ್ತಾಗುತ್ತದೆ. ದೊಡ್ಡ ಮುಂಡಾಸು ಕಂಡರೆ ಕರ್ಣನೋ ಅರ್ಜುನನೋ ಇರಬೇಕು ಅನ್ನಿಸುತ್ತದೆ. ತಲೆಯ ಆಕಾರ, ಎರಡು ಮೂರು ಗಟ್ಟಿ ಬಣ್ಣ, ಅಷ್ಟರಲ್ಲೇ ಪಾತ್ರ ಮಾತಾಡಬೇಕು. ಆಟದ ಪಾತ್ರಕ್ಕೆ ಹಬ್ಬದ ಉಡುಪು ಹೊಲಿಯುವುದೂ ಇದೇ ಕೆಲಸ. ನಾನು ಇಲ್ಲಿ ಒಂದು ಉಡುಪನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ಆಮೇಲೆ ಅದನ್ನೇ ಸ್ವಲ್ಪ ಬದಲಿಸಿ ಶಿರಸಿಯ ಚಳಿಗೆ ಇನ್ನೊಂದು.

ಬಟ್ಟೆಯ ಅಳತೆ

ದರ್ಜಿ ಮೊದಲು ಟೇಪ್ ಹಿಡಿಯುತ್ತಾನೆ. ನಾವೂ ಹಾಗೇ. ಮೈನ್‌ಕ್ರಾಫ್ಟ್ ಪಾತ್ರದ ಉಡುಪಿಗೆ ಸ್ಕಿನ್ ಅನ್ನುತ್ತಾರೆ. ಅದು 64×64 ಪಿಕ್ಸೆಲ್‌ನ ಒಂದು ಪಿಎನ್‌ಜಿ ಚಿತ್ರ, ಅಷ್ಟೇ. ಮನೆಯಲ್ಲಿ ನಾವು ಪಿಕ್ಸೆಲ್‌ಗೆ ಚೌಕ ಅನ್ನುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ. ತಲೆ 8×8×8 ಚೌಕದ ಡಬ್ಬ. ಮೈ 8 ಅಗಲ, 12 ಎತ್ತರ, 4 ದಪ್ಪ. ಕಾಲು 4 ಅಗಲ, 12 ಎತ್ತರ, 4 ದಪ್ಪ. ತೋಳಿನಲ್ಲಿ ಎರಡು ಬಗೆ ಇದೆ. ಆಟದಲ್ಲೇ ಸಿದ್ಧವಾಗಿ ಸಿಗುವ ಎರಡು ಪಾತ್ರಗಳ ಪೈಕಿ ಸ್ಟೀವ್‌ನದು 4 ಚೌಕ ಅಗಲ, ಅಲೆಕ್ಸ್‌ಳದು 3. ನಿಮ್ಮದು ಯಾವುದು ಅಂತ ಮೊದಲೇ ತೀರ್ಮಾನಿಸಿ. ಸ್ಟೀವ್‌ಗೆ ಬಿಡಿಸಿದ್ದನ್ನು ಅಲೆಕ್ಸ್‌ಗೆ ತೊಡಿಸಿದರೆ ತೋಳಿನ ಪಟ್ಟಿಗಳು ಒಂದೊಂದು ಚೌಕ ಜರುಗಿಬಿಡುತ್ತವೆ.

ಪ್ರತಿ ಅಂಗಕ್ಕೂ ಎರಡು ಪದರ ಇದೆ. ಒಳಗಿನದು ಮೈಬಣ್ಣ, ಕೂದಲು, ಒಳ ಅಂಗಿ. ಹೊರಗಿನದು ಅದರ ಮೇಲೆ ಸ್ವಲ್ಪ ಉಬ್ಬಿ ನಿಲ್ಲುತ್ತದೆ. ಟೋಪಿ, ಮಫ್ಲರ್, ಕಂಬಳಿ ಎಲ್ಲ ಈ ಹೊರ ಪದರದ ಕೆಲಸ. ಒಳ ಪದರವನ್ನು ಎಲ್ಲೂ ಖಾಲಿ ಬಿಡಬೇಡಿ. ಅಲ್ಲಿ ಪಾರದರ್ಶಕತೆ ನಡೆಯುವುದಿಲ್ಲ. ಹೊರ ಪದರದಲ್ಲಿ ಬೇಡವಾದ ಜಾಗವನ್ನು ಖಾಲಿಯೇ ಬಿಡಬೇಕು, ಬಿಳಿ ಬಳಿಯಬಾರದು.

2014ರಲ್ಲಿ ಆಟದ 1.8ನೇ ಆವೃತ್ತಿ ಬರುವ ಮೊದಲು ಈ ಹಾಳೆ 64×32 ಇತ್ತು. ಬಲಗೈಗೆ ಬರೆದದ್ದೇ ಎಡಗೈಗೂ ತಿರುವಿ ಬೀಳುತ್ತಿತ್ತು. ಈಗ ಎರಡೂ ಕೈಗೆ ಬೇರೆ ಬೇರೆ ಜಾಗ ಇದೆ. ಅದಕ್ಕೇ ಒಂದು ಕಡೆ ಮಾತ್ರ ಇಳಿಬಿದ್ದ ಮಫ್ಲರ್, ಒಂದು ಕೈಗೆ ಮಾತ್ರ ತೇಪೆ, ಇಂಥದ್ದೆಲ್ಲ ಮಾಡಬಹುದು. ಅಂತರ್ಜಾಲದಲ್ಲಿ ಹಳೆಯ ನಮೂನೆಗಳು ಇನ್ನೂ ಸಿಗುತ್ತವೆ. ಎತ್ತರ 32 ಇದ್ದರೆ ಬಿಟ್ಟುಬಿಡಿ.

ಬಿಡಿಸಲು ನನಗೆ ಇಷ್ಟವಾದ ತಂತ್ರಾಂಶ ಬ್ಲಾಕ್‌ಬೆಂಚ್. ದುಡ್ಡು ಕೊಡಬೇಕಾಗಿಲ್ಲ, ಬ್ರೌಸರ್‌ನಲ್ಲೇ ತೆರೆಯುತ್ತದೆ, ಸ್ಕಿನ್ ಮಾಡಲು ಬೇರೆಯದೇ ವಿಭಾಗ ಇದೆ. ಪಾತ್ರವನ್ನು ತಿರುಗಿಸುತ್ತ ಅದರ ಮೈಮೇಲೇ ಬಣ್ಣ ಹಚ್ಚಬಹುದು. ಚಪ್ಪಟೆ ಹಾಳೆಯ ಮೇಲೆ ಬಿಡಿಸುವುದು ರೂಢಿ ಇದ್ದವರಿಗೆ ಕ್ರಿಟಾ, ಗಿಂಪ್, ಪಿಸ್ಕೆಲ್ ಯಾವುದಾದರೂ ಸಾಕು. ಕುಂಚ ಮಾತ್ರ ಒಂದೇ ಚೌಕದ್ದು ಇರಲಿ, ಅಂಚು ಮಸುಕಾಗಿಸುವ ಆಯ್ಕೆ ಬಂದ್ ಆಗಿರಲಿ.

ಬಣ್ಣ ಆರಿಸುವುದು

ಟೊಮೆಟೊ ಆಗಲು ಕಾರಣ ಕೆಂಪು ಬಣ್ಣ ಅಲ್ಲ. ಒಂದೇ ಕೆಂಪು. ಪ್ರತಿ ಬಣ್ಣಕ್ಕೂ ಮೂರು ಮೆಟ್ಟಿಲು ಬೇಕು: ನಡುವಿನದು, ನೆರಳಿನದು, ಬೆಳಕಿನದು. ನೆರಳು ಅಂದರೆ ಅದೇ ಬಣ್ಣಕ್ಕೆ ಕಪ್ಪು ಸೇರಿಸುವುದಲ್ಲ. ಕೆಂಪಿನ ನೆರಳನ್ನು ಕೋಕಂ ಹಣ್ಣಿನ ಕಡೆಗೆ ಎಳೆಯಿರಿ, ಬೆಳಕನ್ನು ಕಿತ್ತಳೆ ಕಡೆಗೆ. ನಾನು ಬಳಸುವ ಅಂಕಿಗಳನ್ನು ಕೆಂಪು, ಹಸಿರು, ನೀಲಿ ಈ ಕ್ರಮದಲ್ಲಿ ಕೊಡುತ್ತೇನೆ. ನಡು ಕೆಂಪು 178, 30, 38. ನೆರಳು 124, 18, 40. ಬೆಳಕು 208, 62, 46.

ಬಿಳಿಯ ವಿಷಯ ಇನ್ನೂ ಮುಖ್ಯ. ಅಪ್ಪಟ ಬಿಳಿ, ಅಂದರೆ 255 ಮೂರು ಸಲ, ಹಾಕಲೇಬೇಡಿ. ಅದು ಹಿಮದ ಮೇಲೆ ಕರಗಿ ಹೋಗುತ್ತದೆ, ರಾತ್ರಿ ಕಣ್ಣಿಗೆ ಚುಚ್ಚುತ್ತದೆ. ತುಪ್ಪಳಕ್ಕೆ 240, 234, 222. ಅದರ ನೆರಳಿಗೆ ತುಸು ನೀಲಿ ಬೆರೆತ ಬೂದು, 196, 200, 214. ಬೂಟಿಗೆ 62, 38, 28. ಇದು ದೋದೋಲ್ ಅನ್ನುವ ಸಿಹಿತಿಂಡಿಯ ಬಣ್ಣ. ಕ್ರಿಸ್‌ಮಸ್ ದಿನ ಪಕ್ಕದ ಮನೆಯಿಂದ ನೆವ್ರಿ, ದೋದೋಲ್ ಬಂದ ತಟ್ಟೆ ನೋಡುತ್ತ ಆರಿಸಿದ್ದು. ಕಪ್ಪು ಬೂಟಿಗಿಂತ ಇದು ಕೆಂಪಿನ ಜೊತೆ ಎಷ್ಟೋ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಮಾತು. ದೊಡ್ಡ ಬಣ್ಣ ಒಂದು, ಜೊತೆಗಾರ ಒಂದು, ಚುಕ್ಕೆಯಷ್ಟು ಮಿನುಗುವುದು ಒಂದು. ಅದಕ್ಕಿಂತ ಜಾಸ್ತಿ ಬೇಡ. ಇಲ್ಲಿ ಕೆಂಪು ದೊಡ್ಡದು, ಕೆನೆಬಿಳಿ ಜೊತೆಗಾರ, ನಕ್ಷತ್ರದ ಹಳದಿ ಮಿನುಗು. ಹಸಿರು ಹಾಕಲೇಬೇಕು ಅನ್ನಿಸಿದರೆ ಪ್ಯಾಂಟಿಗೋ ಮಫ್ಲರ್‌ಗೋ ಹಾಕಿ, ಗಾಢವಾಗಿ.

ಟೋಪಿ

ಕೆಲಸ ಶುರು ಮಾಡುವುದು ತಲೆಯಿಂದ. ದೂರದಿಂದ ಮೊದಲು ಕಾಣುವುದು ಅದೇ. ಚಪ್ಪಟೆ ಹಾಳೆಯಲ್ಲಿ ಟೋಪಿಯ ಪದರ ಬಲ ಮೇಲ್ಮೂಲೆಯಲ್ಲಿದೆ. ಎಡದಿಂದ 40, ಮೇಲಿನಿಂದ 0 ಚೌಕ ಬಿಟ್ಟರೆ ನೆತ್ತಿ. 40, 8 ಬಿಟ್ಟರೆ ಮುಂಭಾಗ. 32, 8ರಲ್ಲಿ ಪಾತ್ರದ ಬಲಬದಿ, 48, 8ರಲ್ಲಿ ಎಡಬದಿ, 56, 8ರಲ್ಲಿ ಹಿಂಭಾಗ. ಎಲ್ಲವೂ 8×8.

ನೆತ್ತಿ ಪೂರ್ತಿ ಕೆಂಪು. ನಾಲ್ಕೂ ಬದಿಯಲ್ಲಿ ಮೇಲಿನ ಒಂದು ಸಾಲು ಕೆಂಪು, ಅದರ ಕೆಳಗೆ ಎರಡು ಸಾಲು ತುಪ್ಪಳ. ತುಪ್ಪಳದ ಮೇಲಿನ ಸಾಲು ಕೆನೆಬಿಳಿ, ಕೆಳಗಿನ ಸಾಲಲ್ಲಿ ಕೆನೆಬಿಳಿ ಮತ್ತು ನೆರಳು ಒಂದು ಬಿಟ್ಟು ಒಂದು. ಹೀಗೆ ಮಾಡಿದರೆ ತುಪ್ಪಳ ಮೆತ್ತಗಿದೆ ಅನ್ನಿಸುತ್ತದೆ. ಕೆಳಗೆ, ಒಳ ಪದರದಲ್ಲಿ, ಹಣೆಯ ಮೇಲೆ ಒಂದು ಸಾಲು ಕೂದಲು ಉಳಿಯಲಿ. ಕೂದಲೇ ಕಾಣದಿದ್ದರೆ ಟೋಪಿ ಬ್ಯಾಂಡೇಜಿನ ಹಾಗೆ ಕಾಣುತ್ತದೆ.

ಸಾಂತಾ ಟೋಪಿಯ ಜೀವ ಇರುವುದು ಅದರ ಇಳಿಬಿದ್ದ ತುದಿಯಲ್ಲಿ. ತಲೆ ಡಬ್ಬದ ಆಕಾರ, ಚೂಪು ಬರುವುದಿಲ್ಲ. ಅದಕ್ಕೆ ಎಡಬದಿಯಲ್ಲಿ, ಹಿಂದಿನ ಅಂಚಿಗೆ ಹತ್ತಿರ, ತುಪ್ಪಳದ ಪಟ್ಟಿಯನ್ನು ದಾಟಿ ಎರಡು ಚೌಕ ಅಗಲದ ಕೆಂಪು ಪಟ್ಟಿಯನ್ನು ಆರನೇ ಸಾಲಿನವರೆಗೆ ಇಳಿಸಿ. ಅದರ ತುದಿಗೆ 2×2 ಬಿಳಿ ಉಂಡೆ. ಉಂಡೆಯ ಕೆಳ ಬಲಮೂಲೆಗೆ ಒಂದು ಚೌಕ ನೆರಳು. ಇಷ್ಟು ಮಾಡಿದ ಮೇಲೆ ಪಾತ್ರ ತಲೆ ತಿರುಗಿಸಿದಾಗ ಟೋಪಿ ನಿಜವಾಗಿಯೂ ಒಂದು ಕಡೆ ವಾಲಿದ ಹಾಗೆ ಕಾಣುತ್ತದೆ. ಅಕ್ಕನ ಮಗ ಇದನ್ನು ನೋಡಿದ ಮೇಲೆ ಟೊಮೆಟೊ ಮಾತು ನಿಲ್ಲಿಸಿದ.

ಎದೆಯ ಮೇಲೆ ನಕ್ಷತ್ರ

ನನಗೆ ಅತಿ ಜಾಸ್ತಿ ಹೊತ್ತು ಹಿಡಿದದ್ದು ಇದು. ಬಿಡಿಸಿ ಹೇಳುತ್ತೇನೆ.

ಎದೆ 8 ಚೌಕ ಅಗಲ. ಎಂಟು ಸರಿಸಂಖ್ಯೆ. ಅಂದರೆ ನಟ್ಟನಡುವೆ ಒಂದು ಚೌಕ ಅನ್ನುವುದೇ ಇಲ್ಲ. ಒಂದು ಚೌಕದ ತುದಿ ಇರುವ ನಕ್ಷತ್ರ ಬಿಡಿಸಿದರೆ ಅದು ಎಡಕ್ಕೋ ಬಲಕ್ಕೋ ವಾಲುತ್ತದೆ. ನಾನು ಅರ್ಧ ದಿನ ಅದನ್ನು ಆ ಕಡೆ ಈ ಕಡೆ ಸರಿಸಿದೆ. ತುದಿಯನ್ನೇ ಎರಡು ಚೌಕ ಮಾಡಿದಾಗ ಸರಿಹೋಯಿತು. 6 ಅಗಲ, 6 ಎತ್ತರದ ನಕ್ಷತ್ರ, ಎರಡೂ ಪಕ್ಕ ಒಂದೊಂದು ಚೌಕ ಖಾಲಿ.

ಮೊದಲು ಬಿಡಿಸಿದ್ದು ಹೀಗಿತ್ತು: ಮೇಲೆ ಎರಡು ಸಾಲು ನಡುವಿನ ಎರಡೆರಡು ಚೌಕ, ನಂತರ ಎರಡು ಸಾಲು ಪೂರ್ತಿ ಆರು, ಮತ್ತೆ ಎರಡು ಸಾಲು ಎರಡೆರಡು. ದೂರದಿಂದ ಅದು ಆಸ್ಪತ್ರೆಯ ಗುರುತಾಗಿ ಕಂಡಿತು. ಬದಲಿಸಿದ್ದು ಇಷ್ಟೇ. ಎರಡನೇ ಮತ್ತು ಐದನೇ ಸಾಲನ್ನು ನಾಲ್ಕು ಚೌಕಕ್ಕೆ ಹಿಗ್ಗಿಸಿ, ಹೊಸದಾಗಿ ಸೇರಿದ ಚೌಕಗಳಿಗೆ ಮಂಕು ಬಣ್ಣ ಕೊಟ್ಟೆ. ಸಾಲು ಸಾಲಾಗಿ ಎಣಿಸಿದರೆ 2, 4, 6, 6, 4, 2.

ಆಮೇಲೆ ಬೆಳಕು. ಓಣಿಯ ನಕ್ಷತ್ರವನ್ನು ಸಂಜೆ ಹೊತ್ತು ನಿಂತು ನೋಡಿ. ಬಲ್ಬ್ ಇರುವ ನಡುಭಾಗ ಹೆಚ್ಚುಕಡಿಮೆ ಬಿಳಿ. ತುದಿಗೆ ಹೋದ ಹಾಗೆ ಹಾಳೆಯ ಬಣ್ಣ ಗಾಢವಾಗುತ್ತದೆ. ಅದನ್ನೇ ಎದೆಯ ಮೇಲೆ ತನ್ನಿ. ನಡುವಿನ 2×2 ಚೌಕಕ್ಕೆ 255, 244, 190. ಅದರ ಸುತ್ತ 246, 190, 60. ತುದಿಗಳಿಗೂ ಆ ನಾಲ್ಕು ಮಂಕು ಚೌಕಗಳಿಗೂ 214, 120, 40. ಕೊನೆಗೆ ನಕ್ಷತ್ರಕ್ಕೆ ತಾಗಿಕೊಂಡ ಸ್ವೆಟರ್ ಚೌಕಗಳನ್ನು ಬೆಳಕಿನ ಕೆಂಪಿಗೆ ಬದಲಿಸಿ. ದೀಪದ ಹೊಳಪು ಬಟ್ಟೆಯ ಮೇಲೆ ಬಿದ್ದ ಹಾಗೆ ಆಗುತ್ತದೆ. ಈ ಒಂದು ಸುತ್ತು ಇಲ್ಲದಿದ್ದರೆ ಅದು ಬರೀ ಹಳದಿ ತೇಪೆ. ಇದ್ದರೆ ದೀಪ.

ನಕ್ಷತ್ರವನ್ನು ಒಳ ಪದರದಲ್ಲಿ ಬಿಡಿಸಿ. ಎದೆಯ ಮುಂಭಾಗ ಎಡದಿಂದ 20, ಮೇಲಿನಿಂದ 20 ಚೌಕ ಬಿಟ್ಟು ಶುರುವಾಗುತ್ತದೆ, 8×12. ಮೇಲಿನ ಮೂರು ಸಾಲು ಮಫ್ಲರ್‌ಗೆ ಬಿಟ್ಟು ನಾಲ್ಕನೇ ಸಾಲಿನಿಂದ ನಕ್ಷತ್ರ ಬರಲಿ. ಉಳಿದ ಸ್ವೆಟರ್‌ಗೆ ನೂಲಿನ ನೇಯ್ಗೆ ಕಾಣಬೇಕೆಂದರೆ ನೆರಳಿನ ಕೆಂಪನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಎರಡು ಚೌಕಕ್ಕೊಂದರಂತೆ ಹಾಕಿ. ಎಲ್ಲ ಕಡೆ ಚುಕ್ಕೆ ಚೆಲ್ಲಬೇಡಿ. ಅದು ನೂಲು ಅನ್ನಿಸುವುದಿಲ್ಲ, ಕೆಸರು ಸಿಡಿದ ಹಾಗೆ ಆಗುತ್ತದೆ.

ಮಫ್ಲರ್, ತೋಳು, ಬೆನ್ನು

ಮಫ್ಲರ್ ಮೈಯ ಹೊರ ಪದರದ್ದು. 20, 36ರಿಂದ ಮುಂಭಾಗ ಶುರು. ಮೇಲಿನ ಎರಡು ಸಾಲು ನಾಲ್ಕೂ ಬದಿ ಸುತ್ತಿ. ಎಡಭುಜದ ಕಡೆಯ ಅಂಚಿನಿಂದ ಎರಡು ಚೌಕ ಅಗಲದ ಒಂದು ತುದಿ ಐದು ಸಾಲು ಕೆಳಗೆ ಇಳಿಯಲಿ, ನಕ್ಷತ್ರದ ಒಂದು ಮೂಲೆ ಮುಚ್ಚಿದರೂ ಪರವಾಗಿಲ್ಲ. ಒಂದರ ಮೇಲೆ ಒಂದು ಬಂದಾಗಲೇ ಬಟ್ಟೆ ಅನ್ನಿಸುವುದು. ಯಕ್ಷಗಾನದ ಕಸೆ ಸೀರೆಯ ಚೌಕಳಿ ನೆನಪಾಗಿ ನಾನು ಮಫ್ಲರ್‌ಗೆ ಕೆನೆಬಿಳಿ ಮತ್ತು ಗಾಢ ಹಸಿರಿನ ಚೌಕಳಿ ಕೊಟ್ಟೆ. ಇಷ್ಟು ಸಣ್ಣ ಜಾಗಕ್ಕೆ ಚೌಕಳಿಯಷ್ಟು ಹೊಂದುವ ನಮೂನೆ ಬೇರೆ ಇಲ್ಲ.

ತೋಳಿನ ಬಗ್ಗೆ ಬಹಳ ಜನ ಗಮನ ಕೊಡುವುದಿಲ್ಲ. ಆಡುವವನಿಗೆ ಆಟದುದ್ದಕ್ಕೂ ತನ್ನ ಪಾತ್ರದಲ್ಲಿ ಕಾಣುವುದು ಏನು ಹೇಳಿ? ಮುಖ ಅಲ್ಲ, ಎದೆ ಅಲ್ಲ. ಮಾಮೂಲಿ ನೋಟದಲ್ಲಿ ಕಾಣುವುದು ಬರೀ ಬಲಗೈ, ಅದೂ ಕೈಯಲ್ಲಿ ಏನೂ ಹಿಡಿಯದಿದ್ದಾಗ. ಆದ್ದರಿಂದ ಆ ಕೈಯನ್ನು ಪ್ರೀತಿಯಿಂದ ಮಾಡಿ. 12 ಸಾಲಿನ ತೋಳಿನಲ್ಲಿ 9 ಮತ್ತು 10ನೇ ಸಾಲು ತುಪ್ಪಳ, ಹೊರ ಪದರದಲ್ಲಿ. ಕೆಳಗಿನ ಎರಡು ಸಾಲು ಕೈಗವಸು. ಗವಸಿಗೆ ಹೆಬ್ಬೆರಳಿನ ಜಾಗದಲ್ಲಿ ಒಂದು ಚೌಕ ಬೆಳಕು. ಮಗು ಮರ ಕಡಿಯುವಾಗೆಲ್ಲ ಕಣ್ಣಿಗೆ ಬೀಳುವುದು ಆ ತುಪ್ಪಳದ ಪಟ್ಟಿಯೇ.

ಕಂಪ್ಯೂಟರಿನಲ್ಲಿ ಎಫ್5 ಕೀಲಿ ಒತ್ತಿದರೆ ಪಾತ್ರದ ಬೆನ್ನು ಕಾಣುತ್ತದೆ. ಜೊತೆಗೆ ಆಡುವ ಗೆಳೆಯರು ಹಿಂದೆ ಓಡಿ ಬರುವಾಗಲೂ ಬೆನ್ನೇ. ಅದನ್ನು ಬರೀ ಕೆಂಪು ಬಿಡಬೇಡಿ. ನಡುವಿಗೆ ಒಂದು ಕಂದು ಪಟ್ಟಿ, ಮಫ್ಲರ್‌ನ ಗಂಟು, ಇಷ್ಟು ಸಾಕು. ಮೈಯ ಪಕ್ಕಗಳನ್ನು ತೋಳು ಮುಚ್ಚಿರುತ್ತದೆ, ಅಲ್ಲಿ ಸುಮ್ನೆ ಹೊತ್ತು ಕಳೆಯಬೇಡಿ. ಕಾಲಿಗೆ ಗಾಢ ಪ್ಯಾಂಟು, ಕೆಳಗಿನ ನಾಲ್ಕು ಸಾಲು ಬೂಟು, ಬೂಟಿನ ಮೇಲಂಚಿಗೆ ಒಂದು ಸಾಲು ತುಪ್ಪಳ.

ಶಿರಸಿಯ ಕಂಬಳಿ

ನಮ್ಮ ಮಕ್ಕಳು ಹಿಮ ಕಂಡವರಲ್ಲ. ಅವರು ಕಂಡದ್ದು ಬೆಳಗಿನ ಜಾವ ಅಡಿಕೆ ತೋಟದ ಮೇಲೆ ಕೂತ ಮಂಜು. ಚಳಿಯ ಹಬ್ಬದ ಉಡುಪು ಅಂದರೆ ತುಪ್ಪಳವೇ ಆಗಬೇಕು ಅಂತ ಏನಿಲ್ಲ ಅಲ್ವಾ? ಅದೇ ಸ್ಕಿನ್‌ನ ಪ್ರತಿ ಇಟ್ಟುಕೊಂಡು ಎರಡನೆಯದನ್ನು ಶುರು ಮಾಡಿ.

ಕರಿ ಕಂಬಳಿಗೆ ಕಪ್ಪು ಬಣ್ಣ ಹಾಕಿದರೆ ಆಕಾರವೇ ಸತ್ತುಹೋಗುತ್ತದೆ. ಬಿಸಿಲಿಗೆ ಹಿಡಿದರೆ ಗೊತ್ತಾಗುತ್ತದೆ, ಕರಿ ಉಣ್ಣೆಯಲ್ಲಿ ಕಂದು ಎಳೆ, ಬೂದು ಎಳೆ ಎಲ್ಲ ಇರುತ್ತದೆ. 52, 44, 42 ನಡು ಬಣ್ಣ. 78, 68, 62 ಅಲ್ಲಲ್ಲಿ ಅಡ್ಡ ಎಳೆ. 34, 28, 32 ಮಡಿಕೆಯ ಒಳಗೆ. ಎಳೆಗಳು ಅಡ್ಡಕ್ಕೆ ಎರಡು ಮೂರು ಚೌಕ ಉದ್ದ ಇರಲಿ, ಒಂಟಿ ಚುಕ್ಕೆ ಬೇಡ. ಅಂಚಿಗೆ ಒಂದು ಸಾಲು ಕೆಂಪು.

ಕಂಬಳಿ ಕೊಪ್ಪೆ ಮಾಡುವುದು ಹೀಗೆ. ಟೋಪಿಯ ಪದರದಲ್ಲಿ ನೆತ್ತಿ, ಹಿಂಭಾಗ, ಎರಡೂ ಬದಿ ಪೂರ್ತಿ ಕಂಬಳಿ. ಮುಂಭಾಗದಲ್ಲಿ ಮೇಲಿನ ಒಂದು ಸಾಲು ಮತ್ತು ಎರಡೂ ಅಂಚಿನ ಒಂದೊಂದು ಕಂಬ ಮಾತ್ರ, ಮುಖ ತೆರೆದಿರಲಿ. ಮೈಯ ಹೊರ ಪದರದಲ್ಲಿ ಬೆನ್ನು ಪೂರ್ತಿ, ಮುಂದೆ ಎರಡೂ ಅಂಚಿಗೆ ಎರಡೆರಡು ಕಂಬ. ನಡುವಿನ ಸೀಳಿನಲ್ಲಿ ಒಳಗಿನ ಕೆಂಪು ಸ್ವೆಟರ್, ಅದರ ಮೇಲಿನ ನಕ್ಷತ್ರದ ನಡುಭಾಗ ಕಾಣುತ್ತದೆ. ಕಂಬಳಿಯೊಳಗಿನಿಂದ ದೀಪ ಇಣುಕಿದ ಹಾಗೆ. ನನಗೆ ಸಾಂತಾ ಉಡುಪಿಗಿಂತ ಇದೇ ಹೆಚ್ಚು ಇಷ್ಟ.

ಒಂದು ತೊಡಕು ಇದೆ. ಪಾತ್ರ ನಡೆಯುವಾಗ ತೋಳು ಬೀಸುತ್ತದೆ, ಕಂಬಳಿ ಹರಿದ ಹಾಗೆ ಕಾಣುತ್ತದೆ. ತೋಳಿನ ಹೊರ ಪದರದ ಮೇಲಿನ ಆರು ಸಾಲಿಗೂ ಕಂಬಳಿ ಬಣ್ಣ ಕೊಟ್ಟು, ಏಳನೇ ಸಾಲಿಗೆ ಕೆಂಪು ಅಂಚು ಎಳೆದರೆ ಕಣ್ಣು ಅದನ್ನು ಒಂದೇ ಬಟ್ಟೆ ಅಂತ ಒಪ್ಪಿಕೊಳ್ಳುತ್ತದೆ. ತಲೆಗೆ ಕೊಪ್ಪೆ ಬೇಡ ಅನ್ನುವವರು ಅಡಿಕೆ ಹಾಳೆಯ ಟೊಪ್ಪಿ ಹಾಕಬಹುದು. ಮೇಲಿನ ಮೂರು ಸಾಲು, 206, 176, 128ರ ಒಣ ಹಾಳೆಯ ಬಣ್ಣ, ಉದ್ದುದ್ದ ತಿಳಿ ಗೆರೆ. ಐದು ನಿಮಿಷದ ಕೆಲಸ.

ಉಳಿಸುವುದು, ತೊಡಿಸುವುದು

ಪಿಎನ್‌ಜಿ ಆಗಿಯೇ ಉಳಿಸಿ, 64×64 ಅಳತೆಯಲ್ಲೇ. ದೊಡ್ಡದು ಮಾಡಿ ಉಳಿಸಬೇಡಿ. ನಾನು ಒಮ್ಮೆ ಸಿದ್ಧವಾದ ಸ್ಕಿನ್ ಅನ್ನು ಫೋನಿನ ಮೆಸೇಜ್ ಆ್ಯಪ್‌ನಲ್ಲಿ ಫೋಟೊ ಎಂದು ಶಿರಸಿಗೆ ಕಳಿಸಿದೆ. ಅದು ದಾರಿಯಲ್ಲಿ ಜೆಪೆಗ್ ಆಯಿತು. ಖಾಲಿ ಜಾಗಗಳೆಲ್ಲ ತುಂಬಿ, ಹುಡುಗನ ಪಾತ್ರ ತಲೆಗೆ ಡಬ್ಬ ಕವುಚಿಕೊಂಡು ನಿಂತಿತ್ತು. ಅವನಿಗೆ ಬೇಜಾರು, ನನಗೆ ಅದಕ್ಕಿಂತ ಬೇಜಾರು. ಕಳಿಸುವುದಿದ್ದರೆ ಡಾಕ್ಯುಮೆಂಟ್ ಎಂದೇ ಕಳಿಸಿ.

ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಲಾಂಚರ್, ಅಂದರೆ ಆಟ ಶುರು ಮಾಡುವ ಕಿಟಕಿ, ತೆರೆದು ಸ್ಕಿನ್ಸ್ ವಿಭಾಗಕ್ಕೆ ಹೋಗಿ ಹೊಸ ಸ್ಕಿನ್ ಸೇರಿಸಿ, ಸ್ಟೀವ್‌ನ ತೋಳಿಗೆ ಕ್ಲಾಸಿಕ್ ಅಥವಾ ಅಲೆಕ್ಸ್‌ಳದಕ್ಕೆ ಸ್ಲಿಮ್ ಆರಿಸಿ, ಕಡತ ತೋರಿಸಿ. ಫೋನಿನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಯಲ್ಲಿ ಡ್ರೆಸ್ಸಿಂಗ್ ರೂಮ್ ಒಳಗೆ ಇದೇ ಕೆಲಸ. ರೋಬ್ಲಾಕ್ಸ್ ಅನ್ನುವ ಇನ್ನೊಂದು ಆಟ ಆಡುವ ಮಕ್ಕಳಿದ್ದರೆ ಬಣ್ಣದ ಮಾತು, ನಕ್ಷತ್ರದ ಬೆಳಕಿನ ಮಾತು ಎಲ್ಲ ಅಲ್ಲಿಗೂ ಹೊಂದುತ್ತದೆ. ಅಂಗಿಯ ನಮೂನೆಯ ಅಳತೆ ಮಾತ್ರ ಬೇರೆ, 585×559.

ತೊಡಿಸಿದ ಮೇಲೆ ಮೂರು ಕಡೆ ನಿಲ್ಲಿಸಿ ನೋಡಿ: ಹಗಲು ಹಿಮದ ಮೇಲೆ, ರಾತ್ರಿ ಬಯಲಲ್ಲಿ, ಗುಹೆಯಲ್ಲಿ ಪಂಜಿನ ಬೆಳಕಲ್ಲಿ. ಗೆಳೆಯನೊಬ್ಬನನ್ನು ಹದಿನೈದು ಬ್ಲಾಕ್ ದೂರ ನಿಲ್ಲಿಸಿ ಏನು ಕಾಣುತ್ತದೆ ಕೇಳಿ. ಹಿಮದ ಮೇಲೆ ತುಪ್ಪಳ ಮಾಯವಾದರೆ ಅದರ ಕೆಳಗೆ ಒಂದು ಸಾಲು ನೆರಳಿನ ಕೆಂಪು ಎಳೆಯಿರಿ.

ಕವಚ ತೊಟ್ಟರೆ?

ಪಾತ್ರ ಕವಚ ತೊಟ್ಟ ಕೂಡಲೇ ನೀವು ಹೊಲಿದ ಉಡುಪು ಮುಚ್ಚಿಹೋಗುತ್ತದೆ. ಇದಕ್ಕೆ ಆಟದೊಳಗೇ ಒಂದು ದಾರಿ ಇದೆ. ಚರ್ಮದ ಕವಚಕ್ಕೆ ಬಣ್ಣ ಹಾಕಬಹುದು. ಟೋಪಿಗೆ 5, ಅಂಗಿಗೆ 8, ಪ್ಯಾಂಟಿಗೆ 7, ಬೂಟಿಗೆ 4, ಒಟ್ಟು 24 ಚರ್ಮ ಬೇಕು. ಕೆಂಪು ಬಣ್ಣ ಪಾಪಿ ಹೂವಿನಿಂದಲೋ ಬೀಟ್‌ರೂಟ್‌ನಿಂದಲೋ ಬರುತ್ತದೆ, ಬಿಳಿ ಮೂಳೆ ಪುಡಿಯಿಂದ. ಜಾವಾದಲ್ಲಿ ಕವಚ ಮತ್ತು ಬಣ್ಣವನ್ನು ಕೂಡಿಸಿದರೆ ಆಯಿತು, ಬೆಡ್‌ರಾಕ್‌ನಲ್ಲಿ ನೀರು ತುಂಬಿದ ಕಡಾಯಿಯಲ್ಲಿ ಬಣ್ಣ ಕಲಸಿ ಅದ್ದಬೇಕು. ಟೋಪಿ, ಅಂಗಿ ಕೆಂಪು, ಬೂಟು ಬಣ್ಣ ಹಾಕದೆ ಹಾಗೇ ಕಂದು. 2023ರ 1.20ನೇ ಆವೃತ್ತಿಯಿಂದ ಕವಚಕ್ಕೆ ಅಲಂಕಾರದ ಪಟ್ಟಿಯನ್ನೂ ಕೂರಿಸಬಹುದು. ಚಿನ್ನದ್ದು ಕೂರಿಸಿದರೆ ನಕ್ಷತ್ರದ ಹಳದಿಗೆ ಹತ್ತಿರ ಬರುತ್ತದೆ.

ಚರ್ಮದ ಬೂಟಿಗೆ ಇನ್ನೊಂದು ಗುಣವೂ ಇದೆ. 2021ರಲ್ಲಿ ಬಂದ ಪುಡಿ ಹಿಮದ ಮೇಲೆ ಬೇರೆ ಬೂಟು ತೊಟ್ಟವರು ಹೂತುಹೋಗುತ್ತಾರೆ, ಚರ್ಮದ ಬೂಟಿನವರು ಮೇಲೆಯೇ ನಡೆಯುತ್ತಾರೆ. ಚರ್ಮದ ಒಂದು ಬಟ್ಟೆ ಮೈಮೇಲಿದ್ದರೂ ಸಾಕು, ಹಿಮದೊಳಗೆ ಬಿದ್ದರೆ ಮರಗಟ್ಟುವುದಿಲ್ಲ. ಹಬ್ಬದ ಉಡುಪು ಚಳಿಯನ್ನೂ ಕಾಯುತ್ತದೆ, ಕಂಬಳಿಯ ಹಾಗೇ.

ಡಿಸೆಂಬರ್ 20ರೊಳಗೆ ಎಲ್ಲ ಮುಗಿಸಿಕೊಳ್ಳಿ. ಜಾವಾ ಆವೃತ್ತಿಯಲ್ಲಿ 24, 25, 26ರಂದು ಆಟದ ಪೆಟ್ಟಿಗೆಗಳು ತಾವಾಗಿಯೇ ಬಣ್ಣದ ಉಡುಗೊರೆ ಪೊಟ್ಟಣದ ರೂಪ ತಾಳುತ್ತವೆ. ಕಳೆದ ವರ್ಷ ನಾನು 23ರ ರಾತ್ರಿಯೇ ಅಕ್ಕನ ಮಗನ ಲೋಕಕ್ಕೆ ಹೋಗಿ, ಅವನ ಮನೆ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಟ್ಟು, ಒಳಗೆ ಕೆಂಪು ಬಣ್ಣದ ಚರ್ಮದ ಟೋಪಿ ಹಾಕಿ ಬಂದಿದ್ದೆ. ಮರುದಿನ ಬೆಳಿಗ್ಗೆ ಬಚ್ಚಲ ಒಲೆ ಎದುರಿನಿಂದಲೇ ಫೋನು ಬಂತು.